ಹದಿನಾರಾಣೆ ಕಬ್ಬಿಣ, ಎಂಟಾಣೆ ಅಚ್ಚು

ಭದ್ರಾವತಿಯ ನ್ಯೂ ಟೌನಿನಾಚೆ ಇದ್ದ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಸಣ್ಣ ಫೌಂಡ್ರಿಗೆ ನಾನು ಸೂಪರ್‌ವೈಸರ್ ಆಗಿ ಸೇರಿದಾಗ ನಯಾಪೈಸೆ ಬಂದಾಗಿತ್ತು. ಅಲ್ಲಿಯವರು ಮಾತ್ರ ರೂಪಾಯಿಗೆ ಹದಿನಾರು ಆಣೆಯ ಲೆಕ್ಕವನ್ನು ಇನ್ನೂ ಬಿಟ್ಟಿರಲಿಲ್ಲ. ಮರಳಿನ ಅಚ್ಚು ಪೂರ್ತಿ ಒಣಗಿದ್ದರೆ ಹದಿನಾರಾಣೆ, ಅರ್ಧ ಒಣಗಿದ್ದರೆ ಎಂಟಾಣೆ. ಕಬ್ಬಿಣ ಎಷ್ಟು ಕಾದಿದೆ ಅನ್ನುವುದಕ್ಕೂ ಅದೇ ಲೆಕ್ಕ. ಅಚ್ಚು ಒಣಗಿರಬೇಕು, ಕಬ್ಬಿಣವೂ ಕಾದಿರಬೇಕು. ಎರಡೂ ಸೇರಿ ಹನ್ನೆರಡಾಣೆ ಅನ್ನಿಸಿದರೆ ಕಬ್ಬಿಣವನ್ನು ಅಚ್ಚಿಗೆ ಸುರಿಯುವುದು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನನ್ನದು ಅರ್ಧ ಕೊಡ. ಸತ್ಯಕ್ಕೂ ಸುಳ್ಳಿಗೂ ನಡುವೆ ಮೆಟ್ಟಿಲುಗಳಿವೆ ಎನ್ನುವ ತರ್ಕವನ್ನು ಕಾಲೇಜಿನಲ್ಲಿ ಅರೆಬರೆ ಓದಿದ್ದೆ. ಇಲ್ಲಿಯ ಆಣೆ ಲೆಕ್ಕ ಅದೇ ಅಲ್ಲವೇ ಎಂದು ಹಿಗ್ಗಿ, ಹಲಗೆಯ ಮೇಲೆ ಕೋಷ್ಟಕ ಬರೆದೆ. ‘ಅಲ್ಲ’ ಎಂದರೆ ಹದಿನಾರರಲ್ಲಿ ಕಳೆಯುವುದು: ಹನ್ನೆರಡಾಣೆ ಒಣಗಿದ್ದರೆ ನಾಲ್ಕಾಣೆ ಹಸಿ. ‘ಅಥವಾ’ ಎಂದರೆ ಎರಡರಲ್ಲಿ ದೊಡ್ಡದು. ‘ಮತ್ತು’ ಬಂದಾಗ ಎರಡನ್ನೂ ಕೂಡಿಸಿ ಅರ್ಧ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಆ ವಾರ ಬಿಸಿಲೇ ಇರಲಿಲ್ಲ. ಅಚ್ಚು ಕಟ್ಟುವ ಚಾಚಾ ಎಂಟಾಣೆ ಅಂದರು. ಕುಲುಮೆಯವನು ಹದಿನಾರಾಣೆ ಅಂದ. ನನ್ನ ಕೋಷ್ಟಕದಲ್ಲಿ ಹನ್ನೆರಡಾಯಿತು. ಸುರಿಯಿರಿ ಎಂದು ಕೈ ಎತ್ತಿದೆ.

ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಎಂಬ ಪಾತ್ರೆಯನ್ನು ಕಂಬಿಗೆ ಸಿಕ್ಕಿಸಿ ಇಬ್ಬರು ಹೊತ್ತು ತಂದರು. ಮುಂದಿನ ತುದಿ ಹಿಡಿದವನು ನನ್ನ ತಮ್ಮ. ಅವನಿಗೆ ಆ ಕೆಲಸ ಕೊಡಿಸಿದವನು ನಾನೇ. ಹಸಿ ಮರಳಿಗೆ ಕಬ್ಬಿಣ ಬಿದ್ದರೆ ಒಳಗಿನ ನೀರು ಆವಿಯಾಗಿ ಕಬ್ಬಿಣವನ್ನೇ ಹೊತ್ತವರ ಮುಖಕ್ಕೆ ಎರಚುತ್ತದೆ.

ಚಾಚಾ ಹೋಗಿ ಅಚ್ಚಿನ ಮೇಲೆ ಕೂತುಬಿಟ್ಟರು.

ಏಳಿ ಎಂದೆ. ಏಳಲಿಲ್ಲ. ಹತ್ತು ಮಂದಿಯ ಎದುರು ನನ್ನ ಮಾತು ಮಣ್ಣುಪಾಲಾಯಿತಲ್ಲ ಎಂದು ಮೈ ಉರಿಯಿತು. ಲ್ಯಾಡಲ್ ನಿಂತಲ್ಲೇ ನಿಂತಿತ್ತು, ಕಬ್ಬಿಣ ಆರುತ್ತಿತ್ತು, ಮುಂದಿನ ತುದಿಯಲ್ಲಿ ತಮ್ಮ ಭಾರ ಹೊತ್ತೇ ಇದ್ದ. ಲೆಕ್ಕ ಸರಿಯಾಗಿದೆ, ಏಳಿ, ಸುರಿಯಲಿ ಎಂದು ನಾನು ಮತ್ತೆ ಹೇಳಿದೆ.

“ಹದಿನಾರಾಣೆ ಕಬ್ಬಿಣ ಬಂದು ಎಂಟಾಣೆ ಅಚ್ಚನ್ನ ಒಣಗಿಸುತ್ತಾ, ಮಾರಾಯ?” ಅಂದರು ಚಾಚಾ. “ಎರಡೂ ಬೇಕು ಅಂದ್ಮೇಲೆ ಕಮ್ಮಿ ಇರೋದೇ ಲೆಕ್ಕ.”

ಪಕ್ಕದ ಒಣ ಮರಳಿಗೆ ಸುರಿಯಿರಿ ಎಂದೆ. ಚಾಚಾ ಎದ್ದು ಅಚ್ಚು ಒಡೆದು, ಒಳಗಿನ ಮರಳನ್ನು ನನ್ನ ಅಂಗೈಗೆ ಹಾಕಿದರು. ಹಿಂಡಿದರೆ ಉಂಡೆಯಾಯಿತು. ‘ಮತ್ತು’ ಎಂದರೆ ಎರಡರಲ್ಲಿ ಚಿಕ್ಕದು ಎಂದು ಹಲಗೆಯ ಮೇಲೆ ತಿದ್ದುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

ಸಂಜೆ ಶಿವಮೊಗ್ಗದ ರೈಲಿನಲ್ಲಿ ಮನೆಗೆ ಹೊರಟಾಗ ತಮ್ಮ ನನ್ನ ಎದುರು ಕೂತ. ಕೇಳಿದ:

“ಅಣ್ಣಾ, ಎರಡನೇ ಸಲ ಸುರಿಯೋಕೆ ಹೇಳಿದಾಗ ಕಂಬಿ ಮುಂದಿದ್ದೋನು ನಾನು ಅಂತ ಗೊತ್ತಿತ್ತಾ?”

ಗೊತ್ತಿತ್ತು ಎಂದೆ. ಅವನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತ.