ಜುಬೇದಾ ಮಿಸ್ ಮತ್ತು ‘ಕಿಡ್’ ಎಂಬ ಪದ

ಜುಬೇದಾ ಮಿಸ್ ತರಗತಿಯ ಬಾಗಿಲಲ್ಲೇ ನಿಂತು ನಮ್ಮ ತಲೆ ಎಣಿಸುತ್ತಿದ್ದರು. ಹಾಜರಿ ಕೂಗುವುದು ಆಮೇಲೆ. ಊಟದ ಬಿಡುವು ಮುಗಿದ ಕೂಡಲೇ ಇನ್ನೊಮ್ಮೆ ಎಣಿಕೆ, ಸಂಜೆ ಗೇಟಿನ ಬಳಿ ಮತ್ತೊಮ್ಮೆ. ಎಣಿಸುವಾಗ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಶಿರಾಳಕೊಪ್ಪದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅದನ್ನು ಅಣಕಿಸದ ಹುಡುಗಿಯೇ ಇರಲಿಲ್ಲ.

ಅವರು ಕಲಿಸುತ್ತಿದ್ದದ್ದು ಇಂಗ್ಲಿಷ್. ಪದದ ಅರ್ಥವಷ್ಟೇ ಹೇಳಿದರೆ ಅವರಿಗೆ ಸಮಾಧಾನವಿಲ್ಲ, ಅದು ಯಾರ ಮನೆಯಿಂದ ಬಂದದ್ದೆಂದೂ ಹೇಳಬೇಕು. ಒಂದು ದಿನ ಯಾರದೋ ಬ್ಯಾಗಿನ ಮೇಲಿದ್ದ ‘ಕೂಲ್ ಕಿಡ್’ ಅವರ ಕಣ್ಣಿಗೆ ಬಿತ್ತು.

“ಕಿಡ್ ಅಂದ್ರೆ ಏನ್ರೇ?”

“ಮಕ್ಕಳು, ಮಿಸ್.”

“ಮೊದಲು ಅದು ಮೇಕೆಮರಿ ಕಣ್ರೇ. ಉತ್ತರದಿಂದ ಹಡಗಲ್ಲಿ ಬಂದೋರು ಇಂಗ್ಲೆಂಡಿಗೆ ತಂದಿದ್ದು. ಎಷ್ಟೋ ಕಾಲ ಆದಮೇಲೆ ಬೀದಿ ಜನ ತಮ್ಮ ಮಕ್ಕಳನ್ನೂ ಹಂಗೇ ಕರೆದರು. ದೊಡ್ಡ ಮನೆಯೋರು ಒರಟು ಮಾತು ಅಂತ ಮೂಗು ಮುರಿದ್ರು. ನಿಮ್ಮಜ್ಜಿ ‘ಬಾ ಮರಿ’ ಅನ್ನಲ್ವಾ? ಅದೇ ಪ್ರೀತಿ.”

ಹೇಳಿ ಮೇಕೆಮರಿಯ ಹಾಗೆ ಕೂಗಿಯೂ ತೋರಿಸಿದರು. ನಾವು ಬೆಂಚು ಬಡಿದು ನಕ್ಕೆವು. ಹಿಂದಿನ ಸಾಲಿನಿಂದ ರೇಣುಕಾ ಎದ್ದಳು. “ಹಂಗಾರೆ ಕಿಡ್‌ನ್ಯಾಪ್ ಅಂದ್ರೆ ಮಕ್ಕಳು ನಿದ್ದೆ ಮಾಡೋದಾ, ಮಿಸ್?”

ಮಿಸ್ ನಗಲಿಲ್ಲ.

“ಆ ನ್ಯಾಪ್ ನಿದ್ದೆ ಅಲ್ಲ. ಕಸಿಯೋದು. ಬಡವರ ಮಕ್ಕಳನ್ನ ಬೀದಿಯಿಂದ ಎತ್ತಿ, ಹಡಗು ಹತ್ತಿಸಿ, ಸಮುದ್ರದಾಚೆ ತೋಟದ ಕೆಲಸಕ್ಕೆ ಮಾರ್ತಿದ್ರು. ಆವಾಗ ಹುಟ್ಟಿದ ಮಾತು.” ಕಿಟಕಿಯ ಕಡೆ ತಿರುಗಿದರು. “ಆ ಮಕ್ಕಳ ಅಕ್ಕಂದಿರು ಏನು ಮಾಡಿದ್ರು ಅಂತ ಎಲ್ಲೂ ಬರೆದಿಲ್ಲ.”

ಗಂಟೆ ಬಾರಿಸುವ ಮೊದಲೇ ಹೊರಗೆ ಹೋಗಿಬಿಟ್ಟರು.

ಅಕ್ಕಂದಿರ ಬಗೆಗಿನ ಆ ಮಾತಿನ ಅರ್ಥ ನನಗೆ ತಿಳಿದದ್ದು ಅದೇ ಶಾಲೆಗೆ ಶಿಕ್ಷಕಿಯಾಗಿ ಸೇರಿದ ಮೇಲೆ. ಮಿಸ್ ತಾವಾಗಿಯೇ ಹೇಳಿದರು. ಚಿಕ್ಕವರಿದ್ದಾಗ ತಮ್ಮ ಅನ್ವರನ ಕೈ ಹಿಡಿದು ಸಂತೆಗೆ ಹೋಗಿದ್ದರಂತೆ. ಬಳೆ ತೊಡಿಸಿಕೊಳ್ಳಲು ಆ ಕೈ ಬಿಟ್ಟರು. ತಿರುಗಿ ನೋಡಿದರೆ ಅವನಿಲ್ಲ. ಅಪ್ಪ ಶಿಕಾರಿಪುರ, ಸೊರಬ, ಹಾವೇರಿ ಎಲ್ಲ ಅಲೆದು ಬಂದರೂ ಸಿಗಲಿಲ್ಲ.

“ಸತ್ತಿದ್ರೆ ಅತ್ತು ಮುಗಿಸ್ತಿದ್ದೆ. ಅವನು ಇನ್ನೂ ಆ ಸಂತೇಲಿ ನಡೀತಾನೇ ಅದಾನೆ ಕಣೇ ಸುಮಾ. ಅಷ್ಟೇ ಚಿಕ್ಕೋನು. ನಂಗೆ ಮಾತ್ರ ವಯಸ್ಸಾಯ್ತು.”

ಅವರು ನಿವೃತ್ತರಾದ ಮೇಲೆ ಫೋನಿನಲ್ಲಿ ಒಂದು ವಿಡಿಯೋ ಹರಿದಾಡಿತು. ಸೊರಬದ ಬೇಕರಿಯೊಂದರಲ್ಲಿ ಕೆಲಸ ಮಾಡುವವನು, ಹೆಸರು ಸಲೀಂ. ಚಿಕ್ಕವನಿದ್ದಾಗ ಎಲ್ಲಿಯೋ ತಪ್ಪಿಸಿಕೊಂಡೆ, ನನ್ನವರು ಯಾರೆಂದು ತಿಳಿಯದು ಎನ್ನುತ್ತಿದ್ದ. ಮಿಸ್ ನನ್ನನ್ನು ಕರೆದುಕೊಂಡು ಮೊದಲ ಬಸ್ಸಿಗೇ ಹೊರಟರು. ಅನ್ವರನ ಎಡಕಿವಿಯ ಹಿಂದೆ ಹುಟ್ಟಿನಿಂದಲೇ ಒಂದು ಸಣ್ಣ ಗಂಟು ಇತ್ತಂತೆ. ಬೇಕರಿಯ ಹಿಂದಿನ ಕೋಣೆಯಲ್ಲಿ ಸಲೀಂ ತಲೆ ಬಗ್ಗಿಸಿ ಕುಳಿತ. ಮಿಸ್ ಕಿವಿ ಮಡಚಿ ನೋಡಿದರು. ಬೆರಳಾಡಿಸಿ ಮತ್ತೆ ನೋಡಿದರು.

“ಅಲ್ವೇನ್ರೀ?” ಎಂದ ಅವನು, ತಲೆ ಎತ್ತದೆ.

“ಅಲ್ಲಪ್ಪ.”

ಮಿಸ್ ಅವನ ಕೈ ಹಿಡಿದುಕೊಂಡರು. “ನಿನ್ನ ಅಕ್ಕ ಎಲ್ಲೋ ಹುಡುಕ್ತಾನೇ ಇರ್ತಾಳೆ. ನಂಗೊತ್ತು. ಅವಳು ಸಿಗೋ ತನಕ ಹಬ್ಬಕ್ಕೆ ನಮ್ಮನೇಗೆ ಬಾ.”

ಅವನು ಬಂದ. ಹಬ್ಬಕ್ಕೂ ಬಂದ, ಮಿಸ್ ಹಾಸಿಗೆ ಹಿಡಿದಾಗ ಔಷಧಿ ತರಲೂ ಬಂದ. ಅವನು ಬಾಗಿಲು ದಾಟಿದರೆ ಅವರ ಮುಖ ಅರಳುತ್ತಿತ್ತು. ಆದರೂ ಒಮ್ಮೆಯೂ ಅವನನ್ನು ಅನ್ವರ್ ಎಂದು ಕರೆಯಲಿಲ್ಲ.

ಕೊನೆಯ ಸಲ ನಾನು ನೋಡಲು ಹೋದಾಗ ಮಧ್ಯಾಹ್ನವಾಗಿತ್ತು. ಮಿಸ್‌ಗೆ ಜ್ವರ. ಸಲೀಂ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಗಂಜಿ ಕುಡಿಸುತ್ತಿದ್ದ. ಅವರು ಚಮಚವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಸ್ವಲ್ಪ ಆಚೆ ಸರಿಯಪ್ಪ. ಹಿಂದೆ ನಿಂತಿರೋ ಚಿಕ್ಕೋನಿಗೆ ದಾರಿ ಇಲ್ಲ.”

ನಾವಿಬ್ಬರೂ ತಿರುಗಿ ನೋಡಿದೆವು. ತೆರೆದ ಬಾಗಿಲು, ಹೊಸ್ತಿಲ ಮೇಲೆ ಬಿಸಿಲು. ಸಲೀಂ ಎದ್ದು, ಕುರ್ಚಿಯನ್ನು ಗೋಡೆಗೆ ಸರಿಸಿ, ಜಾಗ ಬಿಟ್ಟು ನಿಂತ.