ನಡುವೆ ನಿಂತವರ ದನಿ

ಒಬ್ಬ ಹೆಂಗಸಿನ ದನಿಯನ್ನು ನಾನು ಅಳಿಸಿಹಾಕಿದೆ. ಆಮೇಲೆ ಅವರ ಎದುರಿಗೇ ನಿಂತು, ಆ ದನಿ ಇರಲೇ ಇಲ್ಲ ಎಂದೆ.

ಇಲ್ಲ, ಕ್ರಮ ತಪ್ಪಿತು. ಮೊದಲು ಇಲ್ಲ ಎಂದೆ, ಆಮೇಲೆ ಅಳಿಸಿದೆ. ಹತ್ತು ವರ್ಷದಿಂದ ನನ್ನ ತಲೆ ಈ ಕ್ರಮವನ್ನು ತಿರುಗಿಸಿ ಇಡುತ್ತಲೇ ಬಂದಿದೆ. ಈಗ ತಪ್ಪೊಪ್ಪಿಕೊಳ್ಳಲು ಕೂತಾಗಲೂ ಮೊದಲ ಸಾಲಿನಲ್ಲೇ ತಿರುಗಿಸಿತು. ಅಳಿಸಿ, ಹೆದರಿ, ಸುಳ್ಳು ಹೇಳಿದವಳಾದರೆ ಹೇಗೋ ಅರ್ಥವಾಗುತ್ತಾಳೆ. ಸುಳ್ಳು ಹೇಳಿ, ಆ ಸುಳ್ಳು ನಿಜವಾಗಲಿ ಎಂದು ಅಳಿಸಿದವಳು — ನಾನು ಆ ಎರಡನೆಯವಳು.

2009. ನಾನು ಅಮೆರಿಕದ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದೆ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಇಕ್ಬಾಲ್ ಅಂಕಲ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಂಕಲ್ ಮೈಸೂರಿನವರು, ಅವರ ತಂದೆಗೆ ಮಂಡಿ ಮೊಹಲ್ಲಾದಲ್ಲಿ ಫೋಟೊ ಸ್ಟುಡಿಯೊ ಇತ್ತಂತೆ. ಇಲ್ಲಿ ಅವರು ನಮ್ಮವರ ಮದುವೆಗಳ ವಿಡಿಯೊ ತೆಗೆಯುತ್ತಿದ್ದರು, ಜನ ತಂದುಕೊಟ್ಟ ಹಳೆಯ ಟೇಪುಗಳನ್ನು ಡಿವಿಡಿಗೆ ಇಳಿಸಿಕೊಡುತ್ತಿದ್ದರು. ವಾಲ್‌ನಟ್ ಎಂಬ ಊರಿನ ಒಂದು ಮದುವೆ ನಾನು ಎಡಿಟ್ ಮಾಡಿದ ಮೊದಲನೆಯದು. ಅದನ್ನು ನೋಡಿ ಅಂಕಲ್ ಹಣೆ ಹಣೆ ಚಚ್ಚಿಕೊಂಡರು.

"ಏನಮ್ಮಾ ಇದು? ಪುರೋಹಿತರು ಕೆಮ್ಮೋದು, ಸೋದರತ್ತೆ 'ಪಾಯಸ ತಣ್ಣಗಾಯ್ತು' ಅನ್ನೋದು, ಎಲ್ಲಾ ಹಾಗೇ ಬಿಟ್ಟಿದ್ಯಲ್ಲ! ಸೌಂಡ್ ಪೂರ್ತಿ ತೆಗ್ದು ಬಿಸಾಕು, ಮೇಲೊಂದು ಒಳ್ಳೆ ಹಾಡು ಹಾಕು. ಮದುವೇಲಿ ಏನ್ ಮಾತಾಡಿದ್ರು ಅಂತ ಯಾರಿಗೂ ಜ್ಞಾಪಕ ಇರಲ್ಲ ಬೇಟಾ. ಇರಲೂಬಾರ್ದು, ಡೈವೋರ್ಸ್ ಆಗ್ಬಿಡತ್ತೆ!"

ಊರಲ್ಲೂ ಹಾಗೇ ಅಲ್ಲವೆ? ನಮ್ಮ ಮದುವೆಯ ವಿಡಿಯೊಗಳಲ್ಲಿ ಬಾಯಿ ಆಡುತ್ತಿರುತ್ತದೆ, ಹಾಡು ಕೇಳುತ್ತಿರುತ್ತದೆ. ಒಬ್ಬರೂ ದೂರಿದ್ದಿಲ್ಲ. ಒಂದೇ ವರ್ಷದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ, ಹಳೆಯ ಸದ್ದು ಎಂದರೆ ತೆಗೆದುಹಾಕಬೇಕಾದದ್ದು ಎಂದೇ ಆಗಿಹೋಗಿತ್ತು.

ಡೆಲೋರಿಸ್ ಬಂದದ್ದು ಆ ಅಂಗಡಿಗೆ. ಅರವತ್ತು ದಾಟಿದ ಕಪ್ಪು ಅಮೆರಿಕನ್ ಹೆಂಗಸು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಿಂಬಿನ ಕವರಿನಲ್ಲಿ ಸುತ್ತಿ ತಂದ ಒಂದು ಅಗಲವಾದ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. ಹರೆಯದಲ್ಲಿ ಅವರು, ಕಪ್ಪು ಜನರ ಸೋಲ್ ಎಂಬ ಸಂಗೀತ ಹಾಡುವ ಗಾಯಕನೊಬ್ಬನ ಜೊತೆ ಒಂದು ವರ್ಷ ಊರೂರು ಸುತ್ತಿ, ಹಿಂದೆ ನಿಂತು ಹಾಡುವ ಮೂವರು ಹೆಂಗಸರಲ್ಲಿ ಒಬ್ಬರಾಗಿ ಹಾಡಿದ್ದರು. ಸ್ಯಾನ್ ಡಿಯೆಗೊದ ಒಂದು ಟಿವಿ ಕಾರ್ಯಕ್ರಮದಲ್ಲಿ ಚಿತ್ರೀಕರಿಸಿದ ನಾಲ್ಕು ನಿಮಿಷ, ಇದೊಂದೇ ಪ್ರತಿ. "ರೆಕಾರ್ಡಿನಲ್ಲಿ ಹಾಡಿದವರು ಬೇರೆ, ಸ್ಟುಡಿಯೊದವರು. ಜನರ ಎದುರು ಹಾಡಿದವರು ನಾವು," ಎಂದರು. "ನನ್ನ ಮಕ್ಕಳು ಯಾರೂ ನಾನು ಹಾಡಿದ್ದನ್ನು ಕೇಳಿಲ್ಲ. ಚರ್ಚಿನಲ್ಲಿ ಗುಂಪಿನ ಜೊತೆ ಹಾಡುವುದು ಬೇರೆ. ಇದು ಬೇರೆ."

ಟೇಪು ಹಾಳಾಗಿತ್ತು. ಅದರ ಮೇಲಿನ ಕಂದು ಪದರ ಪುಡಿಯಾಗಿ ಉದುರುತ್ತಿತ್ತು. ಒಂದೇ ಒಂದು ಸಲ ಓಡಬಹುದು, ಆಮೇಲೆ ಮುಗಿಯಿತು, ಎಂದು ಅಂಕಲ್ ಮೊದಲೇ ಹೇಳಿದರು. ಡೆಲೋರಿಸ್ ಒಪ್ಪಿದರು. ಓಡಿತು. ಚಿತ್ರವನ್ನೂ ಸದ್ದನ್ನೂ ಕಂಪ್ಯೂಟರಿಗೆ ಇಳಿಸಿಕೊಂಡೆ.

ಆಗ ನಾನು ಸೋಲ್ ವಿಡಿಯೊಗಳ ಹುಚ್ಚು ಹಿಡಿದವಳು. ಬೆವರಿಗೆ ಅಂಗಿ ಮೈಗಂಟಿಕೊಂಡು ಮಂಡಿಯೂರಿ ಬೇಡುವ ಗಂಡಸರು, ಕಣ್ಣು ಮುಚ್ಚಿ ಒಂದೇ ಕೈಯೆತ್ತಿ ಇಡೀ ಸಭೆಯ ಉಸಿರು ಹಿಡಿಸುವ ಹೆಂಗಸರು — ನೂರಾರು ನೋಡಿದ್ದೆ. ಇಂಥದ್ದನ್ನು ನೋಡಿರಲಿಲ್ಲ. ಕೊನೆಯ ನಿಮಿಷದಲ್ಲಿ ಗಾಯಕನ ಗಂಟಲು ಕೈಕೊಡುತ್ತದೆ. ಅವನು ತಿರುಗದೆಯೇ ಮೈಕನ್ನು ಹಿಂದಕ್ಕೆ ಚಾಚುತ್ತಾನೆ. ಮೂವರಲ್ಲಿ ನಡುವೆ ನಿಂತವರು ಸಾಲು ಬಿಟ್ಟು ಮುಂದೆ ಬಂದು, ಅದನ್ನು ಕಿತ್ತುಕೊಂಡು, ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಹಸಿರು ಉಡುಪು — ಹಸಿರೆಂದು ಈಗ ಬರೆಯುತ್ತಿದ್ದೇನೆ, ಆ ಟೇಪಿನಲ್ಲಿ ಎಲ್ಲವೂ ಹಸಿರಾಗಿತ್ತು. ಮೇಲಿನ ಸ್ವರದಲ್ಲಿ ಅವರ ದನಿ ಒಡೆಯುತ್ತದೆ. ಒಡೆದದ್ದಕ್ಕೆ ಅವರು ನಗುತ್ತಾರೆ, ಮೈಕಿನಲ್ಲೇ. ನಕ್ಕು, ಅದೇ ಸಾಲನ್ನು ಕೆಳಗಿನ ಸ್ವರದಲ್ಲಿ ಮತ್ತೆ ಹಾಡುತ್ತಾರೆ. ಅದು ಇಪ್ಪತ್ತೈದು ವರ್ಷದ ಡೆಲೋರಿಸ್.

ಸದ್ದು ಕೆಟ್ಟದಾಗಿತ್ತು. ಮೊರೆತ, ಚಟಪಟ, ಯಾರದೋ ಕೂಗು. ನನಗೆ ಆ ನಾಲ್ಕು ನಿಮಿಷ ನಾನು ನೋಡಿದ್ದ ಎಲ್ಲ ಒಳ್ಳೆಯ ವಿಡಿಯೊಗಳ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆ. ಆ ಹಾಡಿನ ಸಿಡಿ ತಂದೆ. ಮೂರು ದಿನ ಕೂತು, ರೆಕಾರ್ಡಿನ ಸದ್ದನ್ನು ಎಳೆದು, ಕತ್ತರಿಸಿ, ಗಾಯಕನ ತುಟಿಗೆ ಕೂಡಿಸಿದೆ. ಡೆಲೋರಿಸ್ ಹಾಡುವ ಜಾಗದಲ್ಲಿ ಸ್ಟುಡಿಯೊದ ಹೆಂಗಸಿನ ನುಣುಪಾದ ದನಿಯನ್ನು ಕೂಡಿಸಿದೆ. ಅಷ್ಟು ಚೆನ್ನಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ. ನಗುವೊಂದು ಮಾತ್ರ ಕೂಡಲಿಲ್ಲ. ಚಿತ್ರದಲ್ಲಿ ಅವರು ನಗುವಾಗ ದನಿ ಹಾಡುತ್ತಲೇ ಇತ್ತು. ಯಾರು ಗಮನಿಸುತ್ತಾರೆ, ಎಂದುಕೊಂಡೆ. ಅಂಕಲ್‌ಗೆ ಹೇಳಲಿಲ್ಲ.

ಡೆಲೋರಿಸ್ ಗಮನಿಸಿದರು. ಅಂಗಡಿಯ ಟಿವಿ ಮುಂದೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು ನೋಡುತ್ತಿದ್ದವರು ಆ ಜಾಗ ಬಂದಾಗ ಮುಂದಕ್ಕೆ ಬಾಗಿದರು.

"ಇದು ನಾನಲ್ಲ."

"ನಿಮ್ಮದೇ ಮುಖ ಅಲ್ಲವೆ ಮೇಡಂ?" ಎಂದೆ.

"ಮುಖ ನನ್ನದು. ದನಿ ನನ್ನದಲ್ಲ. ನಾನು ಅಲ್ಲಿ ನಕ್ಕಿದ್ದೆ, ಎಲ್ಲರಿಗೂ ಕೇಳುವ ಹಾಗೆ ನಕ್ಕಿದ್ದೆ."

ಅಂಕಲ್ ನನ್ನ ಕಡೆ ನೋಡಿ ಕನ್ನಡದಲ್ಲಿ ಕೇಳಿದರು: "ಏನಮ್ಮಾ, ಸೌಂಡ್‌ಗೆ ಏನಾದ್ರೂ ಮಾಡಿದ್ಯಾ?"

ಒರಿಜಿನಲ್ ಸದ್ದು ಆಗ ಕಂಪ್ಯೂಟರಿನಲ್ಲಿತ್ತು, ಅವರು ಕೂತಿದ್ದ ಕುರ್ಚಿಯಿಂದ ಮೂರು ಮಾರು ದೂರದಲ್ಲಿ. ಹೌದು ಅಂಕಲ್ ಎಂದಿದ್ದರೆ ಹತ್ತು ನಿಮಿಷದ ಕೆಲಸ.

"ಇಲ್ಲ ಅಂಕಲ್, ಕ್ಲೀನ್ ಮಾಡ್ದೆ ಅಷ್ಟೇ," ಎಂದೆ. "ಪಾಪ ವಯಸ್ಸಾಗಿದೆ, ಮಿಕ್ಸ್ ಅಪ್ ಮಾಡ್ಕೊಂಡಿದ್ದಾರೆ."

ಅವರ ಮುಖದ ಮುಂದೆ, ಅವರಿಗೆ ತಿಳಿಯದ ಭಾಷೆಯಲ್ಲಿ. ಆಮೇಲೆ ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮೆಲ್ಲಗೆ, ಮಗುವಿಗೆ ಹೇಳುವಂತೆ: "ಟೇಪಿನಲ್ಲಿ ಇದ್ದದ್ದು ಇಷ್ಟೇ. ತುಂಬ ವರ್ಷ ಆಯಿತಲ್ಲ ಮೇಡಂ. ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಂಡುಬಿಡುತ್ತದೆ."

ಆ ಸೆಮಿಸ್ಟರ್ ನಾನು ನೆನಪನ್ನು ಯಾಕೆ ನಂಬಬಾರದು ಎಂಬ ವಿಷಯದ ಮೇಲೇ ಪೇಪರ್ ಬರೆಯುತ್ತಿದ್ದೆ. ಎ ಗ್ರೇಡ್ ಬಂತು.

ವಿದ್ಯಾರ್ಥಿ ವೀಸಾದಲ್ಲಿದ್ದ ನನಗೆ ಅಂಗಡಿಯಲ್ಲಿ ಕೆಲಸ ಮಾಡುವ ಹಕ್ಕಿರಲಿಲ್ಲ, ದೂರು ಹೋದರೆ ಎಂಬ ಭಯವಿತ್ತು — ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಭಯವಿತ್ತು, ನಿಜ. ಅದು ಆಮೇಲೆ ಬಂತು. ಬಾಯಿಗೆ ಆ ಮಾತು ಬಂದ ಕ್ಷಣದಲ್ಲಿ ಇದ್ದದ್ದು ಮೂರು ದಿನದ ಕೆಲಸ ವ್ಯರ್ಥವಾಗುತ್ತದಲ್ಲ ಎಂಬ ಸಿಟ್ಟು, ಅಷ್ಟೇ.

ಅವರು ಡಿವಿಡಿ ತೆಗೆದುಕೊಂಡು ಹೋದರು. ಅಂಕಲ್ ಮಧ್ಯಾಹ್ನದ ನಮಾಜಿಗೆ ಹಿಂದಿನ ಕೋಣೆಗೆ ಹೋದರು. ನಾನು ಆ ಫೈಲು ತೆರೆದು, ಹೆಡ್‌ಫೋನ್ ಹಾಕಿಕೊಂಡು, ಕೊನೆಯ ಸಲ ಕೇಳಿ — ಹಾಗೆ ಬರೆಯಲು ಆಸೆಯಾಗುತ್ತದೆ. ಕೇಳಲಿಲ್ಲ. ಅಳಿಸಿದೆ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು.

ಇನ್ನೂ ಇದೆ. ಆ ವಿಡಿಯೊವನ್ನು, ಹಾಳಾದ ಸದ್ದನ್ನು ಶುದ್ಧ ಮಾಡಿದ ನನ್ನ ಕೈಚಳಕದ ಮಾದರಿಯೆಂದು ಇಂಟರ್‌ನೆಟ್ಟಿಗೆ ಹಾಕಿದೆ. ಅದನ್ನು ತೋರಿಸಿಯೇ ಸ್ಯಾನ್ ಡಿಯೆಗೊದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಶುದ್ಧ ಮಾಡುವ ಕೆಲಸ ಗಿಟ್ಟಿಸಿದೆ. ಅಲ್ಲೇ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮನೆ, ಗಂಡ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು. ವಿಡಿಯೊ ಊರೂರು ತಿರುಗಿತು. ಮರೆಯಲಾಗದ ಸೋಲ್ ಪ್ರದರ್ಶನಗಳ ಪಟ್ಟಿಗಳಿಗೆ ಸೇರಿತು. ತಿಳಿದವರು ಬೇಗ ಪತ್ತೆಹಚ್ಚಿದರು: ಇದು ರೆಕಾರ್ಡಿನ ದನಿ, ಇವರೆಲ್ಲ ಬಾಯಿ ಆಡಿಸುತ್ತಿದ್ದಾರೆ. ನಡುವಿನವಳನ್ನು ನೋಡಿ, ನಾಟಕ ಆಡಲೂ ಬರದೆ ನಡುವೆ ನಗುತ್ತಾಳೆ! ಒಬ್ಬಳು ಹುಡುಗಿ ಕೆಳಗೆ ಬರೆದಳು: ಅದು ನನ್ನ ಅಜ್ಜಿ, ಅವರು ನಿಜವಾಗಿ ಹಾಡಿದ್ದರು. ಅವಳಿಗೆ ಬಂದ ಗೇಲಿಗಳನ್ನೆಲ್ಲ ಓದಿದೆ. ಒಂದು ವಾರಕ್ಕೆ ಅವಳು ತನ್ನ ಮಾತನ್ನು ತೆಗೆದುಹಾಕಿದಳು. ನಾನು ಅದನ್ನೂ ನೋಡುತ್ತ ಕೂತಿದ್ದೆ.

ಈ ವರ್ಷ, 2019ರಲ್ಲಿ, ಆ ವಿಡಿಯೊದ ಕೆಳಗೆ ನಡೆದದ್ದನ್ನು ನನ್ನ ಹೆಸರು ಹಾಕಿ ಇಂಗ್ಲಿಷಿನಲ್ಲಿ ಬರೆದೆ. ಯಾಕೆ ಈಗ ಎಂದು ಕೇಳಬೇಡಿ. ಏನು ಹೇಳಿದರೂ ಕಥೆಯಾಗುತ್ತದೆ. ಯಾರೋ ಪುರಾವೆ ಕೇಳಿದರು. ಇನ್ನೊಬ್ಬರು ನಕ್ಕರು. ಮೂರನೆಯ ದಿನ ಆ ಮೊಮ್ಮಗಳ ಸಂದೇಶ ಬಂತು: "ನನಗಲ್ಲ. ಅಜ್ಜಿಗೆ ಬಂದು ಹೇಳಿ."

ಡೆಲೋರಿಸ್ ಈಗ ಮೊಮ್ಮಗಳ ಜೊತೆ ಸ್ಯಾನ್ ಡಿಯೆಗೊದಲ್ಲೇ ಇದ್ದರು, ನನ್ನ ಮನೆಯಿಂದ ಅರ್ಧ ಗಂಟೆಯ ಡ್ರೈವ್. ಕಾಲು ಬಾತಿತ್ತು, ಸ್ಟೂಲಿನ ಮೇಲೆ ಚಾಚಿಕೊಂಡಿದ್ದರು. ನಾನು ಎಲ್ಲವನ್ನೂ ಹೇಳಿದೆ, ಕ್ರಮ ತಪ್ಪದೆ. ಮೊಮ್ಮಗಳು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಳು.

"ಮುದುಕಿಯನ್ನು ಖುಷಿಪಡಿಸೋಕೆ ಸುಳ್ಳು ಹೇಳಬೇಡ ಮಗು," ಎಂದರು ಡೆಲೋರಿಸ್. "ಎರಡು ವರ್ಷ ಮನೆಯವರ ಜೊತೆ ಜಗಳವಾಡಿದೆ, ನಾನೇ ಹಾಡಿದ್ದು ಅಂತ. ಆಮೇಲೆ ಆ ಡಿವಿಡಿ ಹಾಕಿಕೊಂಡು ಹಾಕಿಕೊಂಡು ನೋಡಿದೆ. ನೀನು ಹೇಳಿದ್ದೇ ಸರಿ. ಈಗ ಆ ಸಾಲು ನೆನೆಸಿಕೊಂಡರೆ ಆ ರೆಕಾರ್ಡಿನವಳ ದನಿಯೇ ಕೇಳುತ್ತದೆ. ಚರ್ಚಿನಲ್ಲಿ ಎದ್ದು ನಿಂತು ಹೇಳಿಯೂ ಆಯಿತು, ಜಂಭಕ್ಕೆ ಇಷ್ಟು ವರ್ಷ ಒಂದು ಕಥೆ ಕಟ್ಟಿಕೊಂಡಿದ್ದೆ ಅಂತ."

"ಇಲ್ಲ. ನಿಮ್ಮ ದನಿ ಒಡೆಯಿತು. ನೀವು ನಕ್ಕಿರಿ—"

"ನಕ್ಕೆ ಅಂತ ಅಂಗಡಿಯಲ್ಲಿ ನಿನಗೆ ಹೇಳಿದ್ದೇ ನಾನು."

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. "ಹಾಗಾದರೆ ಹಾಡಿ," ಎಂದಳು. "ಆ ಟೇಪನ್ನು ಕೇಳಿದವರು ನೀವೊಬ್ಬರೇ ತಾನೆ. ಅಜ್ಜಿ ಹೇಗೆ ಹಾಡಿದ್ದರು, ತೋರಿಸಿ."

ಬಾಯಿ ತೆರೆದೆ. ಮೇಲಿನ ಸ್ವರದ ಹತ್ತಿರ ಹೋದೆ. ಹತ್ತು ವರ್ಷ, ನಾನು ಕೂಡಿಸಿದ ವಿಡಿಯೊವನ್ನೇ ಸಾವಿರ ಸಲ ನೋಡಿದ್ದೆನಲ್ಲ — ನನ್ನ ಬಾಯಿಂದ ಬಂದದ್ದು ರೆಕಾರ್ಡಿನ ಆ ನುಣುಪು ಇಳಿಜಾರು, ಚಾಚೂ ತಪ್ಪದೆ. ಅರ್ಧಕ್ಕೇ ನಿಲ್ಲಿಸಿದೆ. ಮೊಮ್ಮಗಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

"ನೋಡಿದೆಯಾ?" ಎಂದರು ಡೆಲೋರಿಸ್, ಅನುಕಂಪದಿಂದ. ನನ್ನ ಕೈ ತಟ್ಟಿದರು. ಇಷ್ಟು ದೂರ ಬಂದಿದ್ದೀಯ, ಊಟ ಮಾಡಿಕೊಂಡು ಹೋಗು, ಎಂದರು.

ಊಟ ಮಾಡಿದೆ. ಅವರು ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸುವಂಥದ್ದು ಏನೂ ನಡೆದೇ ಇರಲಿಲ್ಲ ಎಂದು ಅವರನ್ನು ಒಪ್ಪಿಸಿದವಳು ನಾನು.