ಬುಗುರಿ ಮರೆತ ಚಕ್ ಕೀ

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಆರು ದಿನ ಲೇತ್ ತಿರುಗಿಸುವುದು, ಏಳನೆಯ ದಿನ ತಾನೇ ತಿರುಗುವುದು, ಇಷ್ಟೇ ಅವನ ಬದುಕು. ಒಂದು ಭಾನುವಾರ ಪ್ಯಾಕಿಂಗ್ ವಿಭಾಗದವಳ ಜೊತೆ, ಇನ್ನೊಂದು ಭಾನುವಾರ ಸಿನಿಮಾ ಟಿಕೆಟ್ ಹರಿಯುವವಳ ಜೊತೆ. ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಯಾರಿಗೂ ನಿಜ ಹೇಳಿದವನೂ ಅಲ್ಲ. ಕೆಲಸ ಕಲಿಸಿದ ಮೇಸ್ತ್ರಿಯೇ ಮಗಳನ್ನು ಕೊಡಲು ಒಪ್ಪಿದಾಗ, ಹುಡುಗ ದಾರಿಗೆ ಬಂದ ಎಂದು ಎಲ್ಲರೂ ಅಂದುಕೊಂಡರು. ಅವನೂ ಅಂದುಕೊಂಡ.

ಆದರೆ ನಾಯಿ ಬಾಲ ಡೊಂಕೇ. ಒಂದು ಶನಿವಾರ ಟೈಲರ್ ಅಂಗಡಿಯವಳು "ನಾಳೆ ಬರ್ತೀಯಾ?" ಎಂದಳು. ಮರುದಿನ ಅವನಿಗೆ ಓವರ್‌ಟೈಮ್ ಇತ್ತು. ಮೇಸ್ತ್ರಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು, "ಅಮ್ಮನಿಗೆ ಹುಷಾರಿಲ್ಲ ಮಾವ," ಎಂದ.

"ನೀನು ಅಮ್ಮನ್ನ ನೋಡ್ಕೋ. ನಿನ್ನ ಮಷೀನ್ ನಾನು ನೋಡ್ಕೋತೀನಿ."

ಆ ಖುಷಿಯಲ್ಲಿ ಓಡಿದವನು, ಲೇತಿನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗುವ ಚಕ್ ಬಿಗಿಯುವ ಕೀಯನ್ನು ಅದರಲ್ಲೇ ಬಿಟ್ಟಿದ್ದ. ಕೀ ತೆಗೆಯದೆ ಲೇತ್ ಬಿಟ್ಟು ಕದಲಬೇಡ ಎಂದು ಮೊದಲ ದಿನವೇ ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ್ದರು. ಭಾನುವಾರ ಅವರು ಶಿಷ್ಯನನ್ನು ನಂಬಿ, ನೋಡದೆಯೇ ಸ್ವಿಚ್ ಒತ್ತಿದರು. ಕೀ ಹಾರಿ ಅವರ ಬಲಗಣ್ಣಿಗೆ ಬಡಿಯಿತು.

ಸೋಮವಾರ ಬುಗುರಿ ಆಸ್ಪತ್ರೆಗೆ ಹೋದ. ಕಣ್ಣು ಹೋಗಿತ್ತು. ಮ್ಯಾನೇಜರ್ ವಿಚಾರಿಸಿದಾಗ ಮೇಸ್ತ್ರಿ, "ಕೀ ನಾನೇ ಬಿಟ್ಟಿದ್ದೆ," ಎಂದಿದ್ದರಂತೆ. ಅಳಿಯನಾಗುವವನ ಕೆಲಸ ಉಳಿಯಲಿ ಎಂದು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ, ಊಟದ ಡಬ್ಬಿ ಹಿಡಿದು ಅವನ ತಾಯಿ ಬಂದಳು.

"ಹುಷಾರಿಲ್ಲದಾಗ ಯಾಕೆ ಬರೋಕೆ ಹೋದ್ರಿ ಅಕ್ಕ?" ಎಂದರು ಮೇಸ್ತ್ರಿ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

ಔಷಧಿ ಹಿಡಿದು ನಿಂತಿದ್ದ ಮೇಸ್ತ್ರಿಯ ಮಗಳು ತಲೆಯೆತ್ತಿ ಬುಗುರಿಯನ್ನು ನೋಡಿದಳು. ಅವನು ನೆಲ ನೋಡಿದ.

ಮೇಸ್ತ್ರಿ ಮೆಲ್ಲಗೆ, "ಮರೆವು ಯಾರಿಗಾದ್ರೂ ಬರುತ್ತೆ. ಅದಕ್ಕೇ ಅದನ್ನ ನನ್ನ ಮೇಲೆ ಹಾಕ್ಕೊಂಡೆ. ಈ ಸುಳ್ಳನ್ನ ಮಾತ್ರ ನೀನೇ ಹೊತ್ಕೋ ಮಗಾ," ಎಂದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳು ಅವನನ್ನು ವರಾಂಡಕ್ಕೆ ಕರೆದಳು. "ನಿನ್ನೆ ಎಲ್ಲಿದ್ರಿ?"

ಬುಗುರಿ ಜೀವನದಲ್ಲಿ ಮೊದಲ ಸಲ ಒಬ್ಬ ಹೆಣ್ಣಿಗೆ ನಿಜ ಹೇಳಿದ. ಟೈಲರ್ ಅಂಗಡಿಯವಳದ್ದೂ ಹೇಳಿದ, ಕೀಯದ್ದೂ ಹೇಳಿದ. ಅವಳು ಕಡೆಯವರೆಗೂ ಕೇಳಿದಳು.

"ಇನ್ಮೇಲೆ ನಿಮಗೆ ಎಲ್ಲಾ ಭಾನುವಾರವೂ ಬಿಡುವು," ಎಂದು ಹೇಳಿ, ಅಪ್ಪನಿಗೆ ಔಷಧಿ ಕುಡಿಸಲು ಒಳಗೆ ಹೋದಳು.